ನೋವಿನ ಲೆಕ್ಕ

ಕಬ್ಬನ್ ಪಾರ್ಕಲ್ಲಿ ಓಡೋಕೆ ಶುರು ಮಾಡಿದ ಮೂರನೇ ತಿಂಗಳಿಗೇ ನನ್ನ ಬಲಗಾಲು ಕೈಕೊಟ್ಟಿತು. ಹಿಮ್ಮಡಿಯ ಮೇಲೆ ದಪ್ಪ ಹಗ್ಗದಂತೆ ಸಿಗುತ್ತಲ್ಲ, ಅಕಿಲಿಸ್ ಟೆಂಡನ್, ಅಲ್ಲಿ ನೋವು. ಎರಡು ತಿಂಗಳು ರೆಸ್ಟ್ ಮಾಡಿದೆ. ಓಟ ಬಿಟ್ಟರೆ ನೋವಿಲ್ಲ, ಓಡಿದರೆ ಮತ್ತೆ ಹಾಜರ್. ಕೊನೆಗೆ ಫಿಸಿಯೋ ಹೇಳಿದ್ದು ಕೇಳಿ ತಲೆ ಕೆಟ್ಟಿತು: ನೋಯುವ ಕಾಲಿಗೇ ಭಾರ ಹಾಕಿ.

ಇದರ ಹಿಂದೆ ಹೋಕನ್ ಆಲ್ಫ್ರೆಡ್ಸನ್ ಎಂಬ ಸ್ವೀಡನ್ನಿನ ಮೂಳೆ ಡಾಕ್ಟರ್ ಇದ್ದಾರೆ. ಅವರಿಗೂ ಇದೇ ನೋವಿತ್ತು. ಆಪರೇಷನ್ ಮಾಡಿ ಅಂದರೆ ಬಾಸ್ ಒಪ್ಪಲಿಲ್ಲವಂತೆ. ಹರಿದೇ ಹೋದರೆ ಮಾಡಲೇಬೇಕಲ್ಲ ಅಂತ ಹಠಕ್ಕೆ ಬಿದ್ದು ಟೆಂಡನ್ ಮೇಲೆ ಭಾರ ಹಾಕಿದರು. ಹರಿಯಲಿಲ್ಲ, ವಾಸಿಯಾಯ್ತು! 1998ರಲ್ಲಿ ಸಂಗಡಿಗರ ಜೊತೆ ಅದನ್ನೇ ಪ್ರಬಂಧವಾಗಿ ಪ್ರಕಟಿಸಿದರು. ಮೆಟ್ಟಿಲ ಅಂಚಲ್ಲಿ ಮುಂಗಾಲೂರಿ, ಎರಡೂ ಕಾಲಲ್ಲಿ ಮೇಲೇಳಬೇಕು. ನೋಯುವ ಕಾಲೊಂದರ ಮೇಲೆ ನಿಧಾನಕ್ಕೆ ಹಿಮ್ಮಡಿ ಇಳಿಸಬೇಕು. ಮಂಡಿ ನೇರ ಇಟ್ಟು 15ರಂತೆ 3 ಸಲ, ಬಗ್ಗಿಸಿ ಮತ್ತೆ ಅಷ್ಟೇ. ಎರಡು ಹೊತ್ತು ಸೇರಿ ದಿನಕ್ಕೆ 180, ಹೀಗೆ 12 ವಾರ. ಸ್ವಲ್ಪ ನೋವಾದರೆ ಆಗಲಿ. (ಟಪ್ ಅಂತ ಸದ್ದಾಗಿ ಕಾಲೂರೋಕೇ ಆಗದಿದ್ದರೆ ಮಾತ್ರ ಸೀದಾ ಡಾಕ್ಟರ್ ಹತ್ರ ಹೋಗಿ, ಮೆಟ್ಟಿಲ ಹತ್ರ ಅಲ್ಲ.)

ನನ್ನನ್ನು ಕಾಡಿದ್ದು ಬೇರೆ. ಊರಲ್ಲಿ ಅಪ್ಪನಿಗೂ ಅದೇ ಜಾಗದಲ್ಲಿ ನೋವು, ವರ್ಷಗಳಿಂದ. "ಕೆಲಸ ಮಾಡ್ತಾ ಮಾಡ್ತಾ ಹೋಗುತ್ತೆ ಬಿಡು" ಅಂತಿದ್ರು. ರೆಸ್ಟ್ ತಗೊಳ್ಳಿ, ಹಠ ಬಿಡಿ ಅಂತ ನಾನು ಫೋನಲ್ಲಿ ರೇಗ್ತಿದ್ದೆ. ಈಗ ದುಡ್ಡು ಕೊಟ್ಟು ಕೇಳಿಸ್ಕೊಂಡು ಬಂದಿದ್ದು ಹೆಚ್ಚೂಕಮ್ಮಿ ಅಪ್ಪನ ಮಾತನ್ನೇ. ಹಾಗಾದ್ರೆ ಅವರೇ ಸರಿನಾ?

ಪೂರ್ತಿ ಅಲ್ಲ ಅನ್ಸುತ್ತೆ. ನನ್ನ ನೋವಿಗೆ ಎಣಿಕೆ ಇದೆ. ಇವತ್ತು ಜಾಸ್ತಿಯಾದರೆ ನಾಳೆ ಕಮ್ಮಿ ಮಾಡ್ಕೋಬಹುದು. ಅಪ್ಪನ ಕಾಲಿನ ಮೇಲೆ ಎಷ್ಟು ಭಾರ ಬೀಳಬೇಕು ಅಂತ ತೀರ್ಮಾನ ಮಾಡೋದು ಮಳೆ, ಇಲ್ಲಾ ಆಳು ಸಿಗದ ದಿನಗಳು. ಅದೇ ಭಾರ ನನ್ನ ಕಾಲನ್ನು ಗಟ್ಟಿ ಮಾಡ್ತು, ಅವರ ಕಾಲನ್ನು ಸವೆಸ್ತು. ಅದನ್ನ ನಾನು ಇಷ್ಟು ವರ್ಷ ಅವರ ಹಠ ಅಂತ ಕರೀತಿದ್ದೆ.

ಗಣೇಶನ ಹಬ್ಬಕ್ಕೆ ಹೋದಾಗ ಜಗಲಿ ಮೆಟ್ಟಿಲ ಮೇಲೆ ತೋರಿಸಿಕೊಟ್ಟೆ. ಕಂಬ ಹಿಡ್ಕೊಂಡು ಹತ್ತು ಸಲ ಇಳಿಸಿದ್ರು. ಆಮೇಲೆ ನಿಂತು, "12 ವಾರ ಅಂದ್ರೆ ಕೊಯ್ಲೇ ಬಂತಲ್ಲೋ. ಗದ್ದೇಲಿ ನಿಂತಿದ್ದೂ ಇದರ ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದ್ರು.

ಫಿಸಿಯೋನ ಕೇಳಿ ಹೇಳ್ತೀನಿ ಅಂದೆ.