ಎಳೆಯರ ಹೆಜ್ಜೆಗೆ ಸರಿಯಾಗಿ

(ಆದಿಕಾಂಡ 33ನೆಯ ಅಧ್ಯಾಯದ 12ರಿಂದ 14ನೆಯ ವಚನಗಳನ್ನು ಓದಿರಿ.)



ಯಾಕೋಬನು ತನ್ನ ಮಾವನ ದೇಶದಿಂದ ಹೆಂಡಿರು ಮಕ್ಕಳೊಡನೆಯೂ ಹಿಂಡುಗಳೊಡನೆಯೂ ಹಿಂದಿರುಗುವಾಗ, ಅವನ ಅಣ್ಣನಾದ ಏಸಾವನು 400 ಮಂದಿಯನ್ನು ಕೂಡಿಕೊಂಡು ಎದುರಿಗೆ ಬಂದನು. ಅಣ್ಣತಮ್ಮಂದಿರಿಗೆ ಸಮಾಧಾನವಾದ ಮೇಲೆ ಏಸಾವನು ಒಟ್ಟಾಗಿ ಹೊರಡೋಣವೆಂದು ಕರೆದನು. ಯಾಕೋಬನಾದರೋ ತನ್ನ ಮಕ್ಕಳು ಎಳೆಯರೆಂದೂ ಮರಿಗಳುಳ್ಳ ಹಿಂಡು ಅವಸರವನ್ನು ತಾಳಲಾರದೆಂದೂ ತಿಳಿಸಿ, ತಾನು ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುವೆನೆಂದನು. ಇದು ಸಣ್ಣ ಮಾತೆಂದು ನಾವು ದಾಟಿಹೋಗಬಾರದು.

ದಕ್ಷಿಣ ಕನ್ನಡದ ಬೆಳ್ತಂಗಡಿಯ ಸಮೀಪದಲ್ಲಿ ಗಡಾಯಿಕಲ್ಲೆಂಬ ದೊಡ್ಡ ಬಂಡೆಯ ಗುಡ್ಡವುಂಟು. ಪೂರ್ವದಲ್ಲಿ ನರಸಿಂಹಗಡವೆನಿಸಿದ್ದ ಆ ಸ್ಥಳದಲ್ಲಿ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆಯನ್ನು ಕಟ್ಟಿಸಿ, ಜಮಾಲಾಬಾದೆಂದು ಕರೆದನು. 1799ರಲ್ಲಿ ಅದು ಇಂಗ್ಲಿಷರ ವಶವಾಯಿತು. ಶಿಖರದ ಎತ್ತರವು ಸಮುದ್ರಮಟ್ಟದಿಂದ ಸುಮಾರು 1,700 ಅಡಿ. ಏರುವುದಕ್ಕೆ ಒಂದೇ ಇಕ್ಕಟ್ಟಾದ ದಾರಿ. ಬಂಡೆಯಲ್ಲಿ ಕಡಿದ ಮೆಟ್ಟಲುಗಳು 1,800ಕ್ಕೂ ಮಿಕ್ಕಿ ಇವೆ.

ನಮ್ಮ ಸಭೆಯ ಒಂದು ಕುಟುಂಬದವರೊಡನೆ ನಾವು ಒಂದು ದಿನ ಆ ಗುಡ್ಡವನ್ನು ಏರಿದೆವು. ದೊಡ್ಡ ಹುಡುಗರಿಬ್ಬರು ಮುಂದಾಗಿ ಓಡಿದರು. ತಂದೆಯು ಏಳು ವರುಷದ ಮಗಳನ್ನು ಮುಂದೆ ಬಿಟ್ಟು, ಅವಳು ಜಾರಿದರೆ ಹಿಡಿಯುವಂತೆ ಹಿಂದೆ ನಿಂತು, ಅವಳ ಹೆಜ್ಜೆಗೆ ಸರಿಯಾಗಿ ನಡೆದನು. ಬಿಸಿಲೇರಿದಾಗ ಹುಡುಗರು ಮೇಲಿನಿಂದ, “ಅಪ್ಪಾ, ಬೇಗ ಬನ್ನಿ, ಬಾಯಾರಿಕೆಯಾಗುತ್ತದೆ!” ಎಂದು ಕೂಗಿದರು. ತಂದೆಯು, “ತಂಗಿ ಬರುವ ತನಕ ಅಲ್ಲೇ ಕೂತಿರಿ, ನೀರು ಇವಳ ಸಂಗಡ ಉಂಟು” ಅಂದನು. ಓಡಿದವರು ನೀರನ್ನೇ ಹಿಂದೆ ಬಿಟ್ಟುಹೋಗಿದ್ದರು.

ಪ್ರಿಯರೇ, ನಮ್ಮ ಸಭೆಗಳಲ್ಲಿಯೂ ಹೀಗಾಗುವದಿಲ್ಲವೋ? ಕೆಲವರು ಸತ್ಯವೇದವನ್ನು ಚೆನ್ನಾಗಿ ಓದಬಲ್ಲರು, ತಡವರಿಸದೆ ಪ್ರಾರ್ಥಿಸಬಲ್ಲರು. ನಿನ್ನೆ ಮೊನ್ನೆ ದೀಕ್ಷಾಸ್ನಾನ ಹೊಂದಿದವನಿಗೋ ಅಕ್ಷರವೇ ಬಾರದು. ಮನೆಯಲ್ಲಿ ಕಾಯಿಲೆ ಬಿದ್ದರೆ ಹಳೆಯ ಭಯವು ಅವನನ್ನು ಹಿಂದಕ್ಕೆ ಎಳೆಯುತ್ತದೆ. ಸಂತೆಯ ದಿನ ಹಳೆಯ ಗೆಳೆಯರು ಹೆಂಡದಂಗಡಿಗೆ ಕರೆಯುತ್ತಾರೆ. ಅವನು ಎರಡು ಆದಿತ್ಯವಾರ ಆರಾಧನೆಗೆ ಬಾರದಿದ್ದರೆ ನಾವು, “ಅವನು ಬಿದ್ದುಹೋದನು” ಎಂದು ಹೇಳಿ ಮುಂದೆ ನಡೆಯುತ್ತೇವೆ. ಆದರೆ ಕರ್ತನು ಬಲಹೀನರ ಸಂಗಡ ನಡೆಯುವವನಾದ್ದರಿಂದ, ಅವರನ್ನು ಬಿಟ್ಟು ಓಡುವವರು ಜೀವಜಲವನ್ನು ಬಿಟ್ಟು ಓಡುತ್ತಾರೆ.

ಹಾಗಾದರೆ ಪಾಪದಲ್ಲಿ ಕೂತವನನ್ನು ಕೂತಲ್ಲಿಯೇ ಬಿಡಬೇಕೋ? ಹಾಗಲ್ಲ. ಯಾಕೋಬನು ಮೆಲ್ಲಗೆ ನಡೆದನು, ಆದರೂ ನಡೆದನು. ಆ ತಂದೆಯು ಮಗಳಿಗೆ ದಣಿವಾರಿಸಿಕೊಳ್ಳಲು ಬಿಟ್ಟನು. ಬಳಿಕ ಕೈಹಿಡಿದು ಎಬ್ಬಿಸಿದನು. ತಾಳ್ಮೆಯು ಬೇರೆ, ಅಲಕ್ಷ್ಯವು ಬೇರೆ.

ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡೋಣ. ಗುಡ್ಡವನ್ನು ಇಳಿಯುವಾಗ ಮೊದಲು ಓಡಿದ ಹುಡುಗರಲ್ಲಿ ಹಿರಿಯವನ ಮೊಣಕಾಲುಗಳು ನಡುಗಿದವು. ಅವನು ತಂದೆಯ ಹೆಗಲನ್ನು ಹಿಡಿದುಕೊಂಡೇ ಇಳಿದನು. ಈ ಹೊತ್ತು ಬಲವುಳ್ಳವನಿಗೆ ನಾಳೆ ಆಸರೆ ಬೇಕಾದೀತು. ಆದಕಾರಣವೇ ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ತಪ್ಪಿದವನನ್ನು ಸಾತ್ವಿಕಭಾವದಿಂದ ತಿದ್ದಬೇಕೆಂದೂ ತಿದ್ದುವವನು ತನ್ನ ವಿಷಯದಲ್ಲಿ ಎಚ್ಚರವಾಗಿರಬೇಕೆಂದೂ ಬೋಧಿಸುತ್ತಾನೆ. ಯಾಕೋಬನು ಸಹ ಅದಕ್ಕೆ ಮುಂಚಿನ ರಾತ್ರಿ ಯಬ್ಬೋಕ್ ಹೊಳೆಯ ಬಳಿಯಲ್ಲಿ ಹೋರಾಡಿ, ತೊಡೆಯ ಕೀಲು ತಪ್ಪಿ ಕುಂಟುತ್ತಾ ಬಂದವನಲ್ಲವೇ? ಕುಂಟಿದವನಿಗೆ ಮಕ್ಕಳ ಕಾಲಿನ ದಣಿವು ತಿಳಿದಿತ್ತು.

ನಮ್ಮ ಒಳ್ಳೇ ಕುರುಬನು ಮರಿಗಳನ್ನು ಎದೆಗಪ್ಪಿಕೊಳ್ಳುವನೆಂದೂ ಹಾಲೂಡಿಸುವವುಗಳನ್ನು ಮೆಲ್ಲಗೆ ನಡಿಸುವನೆಂದೂ ಯೆಶಾಯನು 40ನೆಯ ಅಧ್ಯಾಯದಲ್ಲಿ ಸಾರಿದ್ದಾನೆ. ನಮ್ಮನ್ನು ಆತನು ಎಷ್ಟು ಮೆಟ್ಟಲುಗಳಲ್ಲಿ ಕಾದು ನಿಂತಿದ್ದನೆಂಬುದನ್ನು ಎಣಿಸಲು ನಮ್ಮಿಂದಾಗದು. ಹೀಗಿರಲಾಗಿ, ಬರುವ ಆದಿತ್ಯವಾರ ದೇವಾಲಯದಲ್ಲಿ ಯಾರ ಸ್ಥಳವು ಬರಿದಾಗಿರುವದೋ ನೋಡೋಣ. ಅದೇ ಸಾಯಂಕಾಲ ಆ ಮನೆಯ ಜಗಲಿಯಲ್ಲಿ ಹೋಗಿ ಕೂತುಕೊಳ್ಳೋಣ. ಗದರಿಸುವದಕ್ಕಲ್ಲ, ಸಂಗಡ ನಡೆಯುವದಕ್ಕೆ. ಕರ್ತನು ನಮಗೆ ಆ ತಾಳ್ಮೆಯನ್ನು ದಯಪಾಲಿಸಲಿ. ಆಮೆನ್.