ಮನೆ ಎಲ್ಲಿ, ಋಣ ಎಲ್ಲಿ?



ನಮ್ಮಲ್ಲಿ ಕೆಲವರ ಮನೆ ಅಕ್ಕಲಕೋಟೆ ತಾಲೂಕಿನಲ್ಲಿದೆ, ಹೊಲ ಆಳಂದ ತಾಲೂಕಿನಲ್ಲಿದೆ. ಆ ಹೊಲಕ್ಕೆ ಪಹಣಿ, ಈಚೆಗಿರುವ ತುಂಡು ಜಮೀನಿಗೆ ಸಾತಬಾರಾ. ಆದರೂ ನಮಗೆ ಗೊಂದಲವಾಗಿಲ್ಲ. ಹೊಲ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ ಕಂದಾಯ. ಒಲೆ ಎಲ್ಲಿ ಉರಿಯುತ್ತದೆಯೋ ಅಲ್ಲಿ ರೇಷನ್ ಕಾರ್ಡು, ಅಲ್ಲಿಯೇ ಮತ. ಮನುಷ್ಯನಿಗೆ ದೇಹವಿದೆ, ರಾತ್ರಿಯಾದರೆ ಒಂದು ಸೂರಿನ ಕೆಳಗೆ ಮಲಗಲೇಬೇಕು. ದೇಹವೇ ಇಲ್ಲದ ಕಂಪನಿಯ ಮನೆ ಯಾವುದು? ಅದು ಗಳಿಸಿದ್ದರಲ್ಲಿ ಯಾವ ನಾಡಿನ ಪಾಲು ಎಷ್ಟು? ಇದು ವಕೀಲರ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ಧರ್ಮದ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆ ಹೊಸದಲ್ಲ. ಡಿ ಬಿಯರ್ಸ್ ಎಂಬ ವಜ್ರದ ಕಂಪನಿ ದಕ್ಷಿಣ ಆಫ್ರಿಕದಲ್ಲಿ ನೋಂದಣಿಯಾಗಿತ್ತು. ಅದರ ಗಣಿಗಳಿದ್ದದ್ದು ಅಲ್ಲಿನ ಕಿಂಬರ್ಲಿಯಲ್ಲಿ. ಆದರೆ ಕಂಪನಿಯ ಹಿರಿಯ ನಿರ್ಧಾರಗಳನ್ನು ಮಾಡುತ್ತಿದ್ದ ನಿರ್ದೇಶಕರಲ್ಲಿ ಹೆಚ್ಚಿನವರು ಲಂಡನ್ನಿನಲ್ಲಿದ್ದರು. 1906ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ನಿಜವಾದ ಆಡಳಿತ ಎಲ್ಲಿ ನಡೆಯುತ್ತದೆಯೋ ಅದೇ ಕಂಪನಿಯ ಮನೆ ಎಂದು ತೀರ್ಮಾನಿಸಿ, ತೆರಿಗೆ ಬ್ರಿಟನ್ನಿಗೆ ಸಲ್ಲಬೇಕೆಂದಿತು. ಬಾಗಿಲ ಮೇಲಿನ ಬೋರ್ಡನ್ನಲ್ಲ, ಒಳಗಿನ ಯಜಮಾನಿಕೆಯನ್ನು ನೋಡಿರಿ ಎಂಬುದೇ ಅದರ ತಾತ್ಪರ್ಯ.

ನಮ್ಮ ದೇಶದಲ್ಲಿ ನೋಂದಣಿಯಾದ ಕಂಪನಿ ಇಲ್ಲಿಯ ನಿವಾಸಿಯೇ ಸರಿ. ಹೊರದೇಶದಲ್ಲಿ ನೋಂದಣಿಯಾದ ಕಂಪನಿಯಾದರೆ, ಅದರ ಆಡಳಿತವೆಲ್ಲ ಪೂರ್ತಿಯಾಗಿ ಇಲ್ಲಿಯೇ ನಡೆದರೆ ಮಾತ್ರ ನಿವಾಸಿ ಎಂಬ ನಿಯಮ ಹಿಂದೆ ಇತ್ತು. ಹೊರಗೆ ಒಂದೆರಡು ಸಭೆ ಕೂಡಿದರೂ ಜಾರಿಕೊಳ್ಳಲು ಎಡೆಯಿತ್ತು. 2015ರಲ್ಲಿ ಸಂಸತ್ತು ಇದನ್ನು ಬದಲಿಸಿತು. ಮುಖ್ಯ ನಿರ್ಧಾರಗಳು ವಾಸ್ತವವಾಗಿ ಎಲ್ಲಿ ಆಗುತ್ತವೆ ಎಂಬುದೇ ಈಗಿನ ಒರೆಗಲ್ಲು. ನಿವಾಸಿ ಕಂಪನಿ ಜಗತ್ತಿನಲ್ಲೆಲ್ಲ ಗಳಿಸಿದ್ದಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ನಿವಾಸಿಯಲ್ಲದ ಕಂಪನಿ ಇಲ್ಲಿ ಗಳಿಸಿದ್ದಕ್ಕೆ ಮಾತ್ರ.

ಹೀಗಾದಾಗ ಒಂದು ತೊಡಕು ಬರುತ್ತದೆ. ಗಳಿಸಿದ ನೆಲವೂ ಪಾಲು ಕೇಳುತ್ತದೆ, ಮನೆಯಿರುವ ನೆಲವೂ ಪಾಲು ಕೇಳುತ್ತದೆ. ಕಣದಲ್ಲಿಯ ಒಂದೇ ರಾಶಿಯನ್ನು ಇಬ್ಬರು ಅಳೆದುಕೊಂಡು ಹೋದರೆ ರೈತನಿಗೆ ಉಳಿಯುವುದೇನು? ಈ ಅನ್ಯಾಯ ತಪ್ಪಲೆಂದು ದೇಶದೇಶಗಳು ಒಪ್ಪಂದ ಮಾಡಿಕೊಳ್ಳುತ್ತವೆ. ಯಾವ ಆದಾಯಕ್ಕೆ ಯಾರು ತೆರಿಗೆ ಹಾಕಬೇಕೆಂದು ಹಂಚಿಕೊಳ್ಳುತ್ತವೆ. ಉದ್ದೇಶ ಒಳ್ಳೆಯದು. ಎರಡು ಹೊರೆ ಒಂದಾಗಲಿ ಎಂಬುದಷ್ಟೇ ಅದು. ಹೊರೆಯೇ ಇಲ್ಲವಾಗಲಿ ಎಂಬುದಲ್ಲ.

ಆದರೆ ಆದದ್ದೇನು? ಭಾರತವು ಮಾರಿಷಸ್ ದ್ವೀಪದೊಡನೆ 1982ರಲ್ಲಿ ಇಂತಹ ಒಪ್ಪಂದ ಮಾಡಿಕೊಂಡಿತು. ಮಾರಿಷಸ್‌ನ ನಿವಾಸಿ ಕಂಪನಿ ಭಾರತದ ಷೇರು ಮಾರಿ ಲಾಭ ಪಡೆದರೆ ತೆರಿಗೆಯ ಹಕ್ಕು ಮಾರಿಷಸ್‌ಗೆ ಮಾತ್ರ ಎಂದು ಅದರಲ್ಲಿತ್ತು. ಮಾರಿಷಸ್ ಇಂತಹ ಲಾಭಕ್ಕೆ ತೆರಿಗೆಯನ್ನೇ ಹಾಕುತ್ತಿರಲಿಲ್ಲ. ಹೀಗೆ ಎರಡು ತೆರಿಗೆ ತಪ್ಪಿಸಲು ಬಂದ ಕಾಗದ ಒಂದನ್ನೂ ಕೊಡದಿರುವ ದಾರಿಯಾಯಿತು. ಬೇರೆ ಬೇರೆ ದೇಶಗಳ ಹಣವಂತರು ಅಲ್ಲಿ ಕಂಪನಿ ನೋಂದಾಯಿಸಿ ಅದರ ಮೂಲಕ ಇಲ್ಲಿಗೆ ಬಂದರು. ಮಾರಿಷಸ್ ಕೊಟ್ಟ ನಿವಾಸಿ ಪ್ರಮಾಣಪತ್ರವೇ ಸಾಕೆಂದು ನಮ್ಮ ತೆರಿಗೆ ಮಂಡಳಿ 2000ದಲ್ಲಿ ಸುತ್ತೋಲೆ ಹೊರಡಿಸಿತು. 2003ರಲ್ಲಿ ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ಎತ್ತಿಹಿಡಿಯಿತು. 2016ರಲ್ಲಿ ಒಪ್ಪಂದ ತಿದ್ದುಪಡಿಯಾಗಿ, 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಭಾರತಕ್ಕೆ ಮರಳಿತು.

ಇನ್ನೊಂದು ಪಕ್ಕದ ಮಾತನ್ನೂ ನಾವು ಹೇಳಬೇಕು. ದೇಶಕ್ಕೆ ಬಂಡವಾಳ ಬೇಕಾಗಿತ್ತು. ಆ ದಾರಿಯಿಂದ ಬಹಳ ಹಣ ಬಂದಿತು, ಉದ್ಯೋಗಗಳೂ ಬಂದವು. ಸರಕಾರ ತಿಳಿದೇ ಬಾಗಿಲು ತೆರೆದಿಟ್ಟಿತ್ತು. ತೆರೆದ ಬಾಗಿಲಿನಿಂದ ಬಂದವನನ್ನು ಕಳ್ಳನೆನ್ನುವುದು ಸಲ್ಲದು. ಆದರೆ ಕಳ್ಳನಲ್ಲ ಎಂದ ಮಾತ್ರಕ್ಕೆ ಋಣಮುಕ್ತನೆಂದು ಹೇಳಲಾದೀತೆ? ಇಲ್ಲಿಯ ರಸ್ತೆ, ಇಲ್ಲಿಯ ನ್ಯಾಯಾಲಯ, ಇಲ್ಲಿಯ ಶಾಲೆಗಳಲ್ಲಿ ಕಲಿತ ಮಕ್ಕಳ ದುಡಿಮೆ, ಇವುಗಳಿಂದಲ್ಲವೆ ಆ ಷೇರಿಗೆ ಬೆಲೆ ಬಂದದ್ದು? ಋಣ ಹುಟ್ಟುವುದು ಉಂಡ ಎಲೆಯಿಂದ, ವಿಳಾಸದ ಚೀಟಿಯಿಂದಲ್ಲ. ಕಾಯಿದೆ ಕೇಳದೆ ಬಿಟ್ಟ ಋಣವನ್ನು ಮನಸ್ಸಾಕ್ಷಿ ಕೇಳುತ್ತದೆ. ನಮ್ಮ ರೈತ ಡೀಸೆಲ್ ಕೊಳ್ಳುವಾಗ ಬೆಲೆಯೊಳಗೇ ತೆರಿಗೆ ಕೊಟ್ಟು ಬರುತ್ತಾನೆ. ಅವನಿಗೆ ದ್ವೀಪದಲ್ಲಿ ಮನೆ ಮಾಡಲು ಬಾರದು. ಒಬ್ಬರು ಇಳಿಸಿದ ಹೊರೆ ಇನ್ನೊಬ್ಬರ ತಲೆಗೇ ಏರುತ್ತದೆ.

ದೂರದವರನ್ನು ದೂರುವುದು ಸುಲಭ. ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಬೆವರು ಸುರಿಸುವ ರೈತನಿಗೆ ಆಸರೆಯಾಗಲೆಂದು ಕೃಷಿ ಆದಾಯವನ್ನು ಆದಾಯ ತೆರಿಗೆಯಿಂದ ಹೊರಗಿಟ್ಟಿದ್ದಾರೆ. ಅಂಗಡಿಯಲ್ಲಿ ಗಳಿಸಿದ ಲಾಭವನ್ನು ಹೊಲದ ಬೆಳೆಯೆಂದು ಬರೆಯಿಸುವ ವ್ಯಾಪಾರಿ ನಮ್ಮಲ್ಲಿ ಇಲ್ಲವೆ? ಅವನಿಗೆ ತೊಗರಿಯ ಹೊಲವೇ ಮಾರಿಷಸ್. ಅಷ್ಟೇ ಅಲ್ಲ, ಆ ಕಂಪನಿಗಳಿಗೆ ಒಪ್ಪಂದದ ಅನುಮತಿಯಾದರೂ ಇತ್ತು. ಇವನಿಗೆ ಅದೂ ಇಲ್ಲ. ನಾಳೆ ಈ ರಿಯಾಯಿತಿಗೆ ಕತ್ತರಿ ಬಿದ್ದರೆ ನೋವು ತಟ್ಟುವುದು ನಿಜವಾಗಿ ನೇಗಿಲು ಹಿಡಿದವನಿಗೆ.

ಕಾಯಕ ಎಲ್ಲಿ ನಡೆಯಿತೋ ದಾಸೋಹದ ಮೊದಲ ತುತ್ತು ಅಲ್ಲಿಯದೇ ಎಂಬುದನ್ನು ನಾವು ಮಠದ ಪಂಕ್ತಿಯಲ್ಲಿ ಕುಳಿತು ಕಲಿತವರು. ಬರುವ ಮಾರ್ಚಿನಲ್ಲಿ ಲೆಕ್ಕದ ಪುಸ್ತಕ ಮುಚ್ಚುವ ಮುನ್ನ, ಇದು ಎಲ್ಲಿ ಗಳಿಸಿದ್ದು, ಯಾರ ಋಣ ಇದರಲ್ಲಿದೆ ಎಂದು ಪ್ರತಿಯೊಂದು ಸಾಲಿಗೂ ಒಮ್ಮೆ ಕೇಳಿಕೊಳ್ಳೋಣ. ಹಾಗೆ ಕೇಳಿಕೊಂಡವರಿಗೆ ಕಂಪನಿಗಳನ್ನೂ ಅದೇ ಪ್ರಶ್ನೆ ಕೇಳುವ ಅಧಿಕಾರ ತಾನಾಗಿ ಬರುತ್ತದೆ.