ಎರಡು ತಿಕೋಟಾ

"ಬಿಜಿ ಇದೀಯಾ? ಎರಡೇ ನಿಮಿಷ." ನೀವು ಕೋಡ್ ಬರೆಯುವ ಕೆಲಸದಲ್ಲಿದ್ದರೆ ಈ ಮೆಸೇಜು ವಾರಕ್ಕೆ ಮೂರು ಸಲವಾದರೂ ನಿಮಗೆ ಬರುತ್ತದೆ, ಮೂರು ಸಲವಾದರೂ ನೀವೇ ಯಾರಿಗೋ ಕಳಿಸಿರುತ್ತೀರಿ. ಎರಡು ನಿಮಿಷದಲ್ಲಿ ಯಾವತ್ತೂ ಮುಗಿಯೋದಿಲ್ಲ ಅನ್ನೋದು ಇಬ್ಬರಿಗೂ ಗೊತ್ತು. ಹಿಂದೆಯೇ ಒಂದು ಫೋಟೋ ಬರುತ್ತದೆ, ಮೊಬೈಲಿನಿಂದ ಓರೆಯಾಗಿ ಹೊಡೆದ ಲ್ಯಾಪ್‌ಟಾಪ್ ಪರದೆ, ಅದರಲ್ಲಿ ಕೆಂಪಕ್ಷರದ ನಾಲ್ಕು ಸಾಲು. ಕೆಳಗೆ, "ಇದ್ಯಾಕ ಬರಾಕತ್ತೈತಿ?"

ಇಂಥದ್ದಕ್ಕೆ ಉತ್ತರ ಕೊಡುವುದು ಒಳ್ಳೆಯ ಕೆಲಸ ಅನ್ನುವುದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ. ನಮ್ಮ ವೃತ್ತಿ ನಿಂತಿರೋದೇ ಅದರ ಮೇಲೆ. ಹಳ್ಳಿಗಳಲ್ಲಿ ಮುಯ್ಯಾಳು ಅಂತಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು; ಯಾರ ಬಾಕಿ ಎಷ್ಟು ಅನ್ನೋದು ಇಬ್ಬರಿಗೂ ನೆನಪಿರುತ್ತಿತ್ತು. ಕೋಡಿನ ಮುಯ್ಯಿಗೆ ಆ ಲೆಕ್ಕ ಇಲ್ಲ. ನನಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಹೇಳಿಕೊಟ್ಟವನಿಗೆ ನಾನು ವಾಪಸ್ ಏನೂ ಕೊಟ್ಟಿಲ್ಲ, ಇನ್ಯಾರಿಗೋ ಹೇಳಿಕೊಟ್ಟಿದ್ದೇನೆ. ಅವರು ಮತ್ಯಾರಿಗೋ. ಕೇಳುವವನಿಗೂ ಹೇಳುವವನಿಗೂ ನಡುವಿನ ವ್ಯವಹಾರ ಹೀಗೆ ಚೆನ್ನಾಗಿಯೇ ನಡೆದಿದೆ. ನನ್ನ ತಕರಾರು ಅವರಿಬ್ಬರ ಬಗ್ಗೆ ಅಲ್ಲ. ಅಲ್ಲಿ ಮೂರನೆಯವನೊಬ್ಬ ಇರುತ್ತಾನೆ, ಅವನನ್ನು ಗುಂಪಿಗೆ ಯಾರೂ ಸೇರಿಸಿರೋದಿಲ್ಲ.

ನಮ್ಮದೊಂದು ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ಹೇಳ್ತೀನಿ. ವಿಜಯಪುರದ ಒಂದೇ ಕಾಲೇಜಿನಲ್ಲಿ ಹಿಂದೆಮುಂದೆ ಓದಿ ಈಗ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಚದುರಿಹೋದವರ ಗುಂಪು ಅದು. ಕೇಳಿದವನು ಊರಲ್ಲೇ ಉಳಿದ ಹುಡುಗ, ಎಲ್ಲರಿಗಿಂತ ಕಿರಿಯ, ನಮ್ಮೆಲ್ಲರಿಗೂ "ಅಣ್ಣಾರ" ಅನ್ನುವವನು. ದ್ರಾಕ್ಷಿ ಬೆಳೆಗಾರರ ಒಂದು ಬಳಗಕ್ಕೆ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ನಮ್ಮ ಕಡೆ ದ್ರಾಕ್ಷಿ ಅಂದರೆ ಬಹುಪಾಲು ಒಣದ್ರಾಕ್ಷಿ. ಗೊನೆ ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಸುಮಾರು ಎರಡು ವಾರ ಹರಡಬೇಕು. ಅಷ್ಟರಲ್ಲಿ ಅಕಾಲಿಕ ಮಳೆ ಬಂದರೆ ಬಣ್ಣ ಹೋಯಿತು, ಬಣ್ಣದ ಜೊತೆ ದರವೂ ಹೋಯಿತು. ಹಾಗೊಂದು ಮಳೆ ಬಿದ್ದಿತ್ತು. ಯಾರ ಶೆಡ್ಡಿಗೆ ಎಷ್ಟು ಹಾನಿ ಅಂತ ಪಟ್ಟಿ ಮಾಡಿ, ಬೆಳಗ್ಗೆ ಹತ್ತಕ್ಕೆ ಮನವಿ ಕೊಡಬೇಕಿತ್ತು.

ಹುಡುಗನ ಹತ್ತಿರ ಎರಡು ಫೈಲ್. ಒಂದು ಸದಸ್ಯರ ಹಳೇ ಪುಸ್ತಕ. ಎಂದೋ ನುಡಿಯಲ್ಲಿ ಟೈಪ್ ಮಾಡಿದ್ದು, ಆಮೇಲೆ ಯಾವುದೋ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದ್ದು. ಇನ್ನೊಂದು ಮೊಬೈಲಿನಲ್ಲಿ ತುಂಬಿಸಿಕೊಂಡ ಹಾನಿಯ ವಿವರ. ಪ್ರತಿ ತಾಲೂಕಿಗೂ ಸದಸ್ಯರ ನಂಬರ್ ಒಂದರಿಂದ ಶುರುವಾಗುವುದರಿಂದ ಮೊದಲು ತಾಲೂಕಿನ ಹೆಸರು ಹುಡುಕಿ, ಆಮೇಲೆ ನಂಬರ್ ಹುಡುಕಬೇಕು. ಸಣ್ಣದೊಂದು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದ. ಅದು ನಡುವೆಯೇ ನಿಂತುಬಿಡುತ್ತಿತ್ತು. ಕೀ ಎರರ್, ಪಕ್ಕದಲ್ಲಿ ‘ತಿಕೋಟಾ’.

"ಅಣ್ಣಾರ, ತಿಕೋಟಾ ಅಂತ ಕೀ ಐತ್ರಿ. ಪ್ರಿಂಟ್ ಮಾಡಿ ನೋಡೀನಿ. ಆದ್ರೂ ಇಲ್ಲ ಅಂತೈತ್ರಿ."

ಒಬ್ಬ ಬುದ್ಧಿವಂತನೇ ಊಹೆ ಮಾಡಿದ: ಹಳೇ ಪುಸ್ತಕದಲ್ಲಿ ತಿಕೋಟಾ ಊರು ಬಿಜಾಪುರ ತಾಲೂಕಿನಲ್ಲಿರಬಹುದು. ತಪ್ಪೇನಿಲ್ಲ. 2011ರ ಜನಗಣತಿಯ ಹೊತ್ತಿಗೆ ತಿಕೋಟಾ, ಬಬಲೇಶ್ವರ ಎರಡೂ ಬಿಜಾಪುರ ತಾಲೂಕಿನ ಊರುಗಳೇ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಆಮೇಲೆ ಇವೆರಡೂ ಸ್ವಂತ ತಾಲೂಕುಗಳಾದವು. ನಮ್ಮ ಜಿಲ್ಲೆಯ ಎರಡು ಪಟ್ಟಿ ಜೋಡಿಸಿದವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಆದರೆ ಹುಡುಗ ಆ ತಿದ್ದುಪಡಿಯನ್ನು ಮೊದಲೇ ಮಾಡಿಕೊಂಡಿದ್ದ. ಎರಡೂ ಕಡೆ ‘ತಿಕೋಟಾ’ ಅಂತಲೇ ಇತ್ತು, ಅಕ್ಷರಕ್ಕೆ ಅಕ್ಷರ.

ರಾತ್ರಿ ಹನ್ನೊಂದೂವರೆ ದಾಟಿತ್ತು. ಇನ್ನೊಬ್ಬ ಬರೆದ: "ಅದನ್ನ ಟ್ರೈ-ಎಕ್ಸೆಪ್ಟ್ ಒಳಗ ಹಾಕಿ ಪಾಸ್ ಅನ್ನು. ನಡೀತೈತಿ."

ನಡೆಯಿತು. ಕೈಮುಗಿದ ಇಮೋಜಿಗಳು ಬಂದವು. ಹುಡುಗ ಖುಷಿಯಿಂದ ತಯಾರಾದ ಪಟ್ಟಿಯನ್ನು ಗುಂಪಿಗೇ ಹಾಕಿದ.

ಅದನ್ನು ತೆರೆದು ನೋಡಿದವನು ಬಬಲೇಶ್ವರದವನು. ಕೋಡಿಗೂ ಅವನಿಗೂ ಅಷ್ಟಕ್ಕಷ್ಟೆ. ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಾನೆ. "ತಮ್ಮಾ, ಇದರಾಗ ತಿಕೋಟಾದವರು ಒಬ್ರೂ ಇಲ್ಲಲ್ಲೋ. ತಿಕೋಟಾ ಬಿಟ್ಟು ದ್ರಾಕ್ಷಿ ಲಿಸ್ಟ್ ಹೆಂಗಾತು?" ಒಂದು ನಿಮಿಷದ ಮೇಲೆ ಮತ್ತೆ: "ನಮ್ಮೂರವ್ರೂ ಇಲ್ಲ."

ವಿಜಯಪುರ ಇತ್ತು, ಇಂಡಿ ಇತ್ತು, ಚಡಚಣ ಇತ್ತು. ತಿಕೋಟಾ ಮತ್ತು ಬಬಲೇಶ್ವರ ಪೂರ್ತಿ ಮಾಯ.

ಯಾಕೆ ಅನ್ನೋದು ಕನ್ನಡದಲ್ಲಿ ಕೋಡ್ ಬರೆಯುವವರೆಲ್ಲ ಒಮ್ಮೆ ಕೂತು ನೋಡಬೇಕಾದ ವಿಷಯ. ಯೂನಿಕೋಡಿನಲ್ಲಿ ‘ಕೋ’ ಅನ್ನುವುದನ್ನು ಎರಡು ರೀತಿ ಬರೆಯಬಹುದು. ‘ಕ’ಕ್ಕೆ ಓಕಾರದ ಒಂದೇ ಚಿಹ್ನೆ ಹಚ್ಚಬಹುದು; ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ಕೊನೆಗೆ ದೀರ್ಘದ ಗುರುತು, ಹೀಗೆ ಮೂರನ್ನು ಸಾಲಾಗಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೋ’. ಕಂಪ್ಯೂಟರಿಗೆ ಮೊದಲನೆಯ ‘ತಿಕೋಟಾ’ದ ಉದ್ದ 6, ಎರಡನೆಯದರದು 8. ‘ಲೇ’ಯದೂ ಇದೇ ಕಥೆ, ಹಾಗಾಗಿ ಬಬಲೇಶ್ವರ ಒಂದು ಕಡೆ 8, ಇನ್ನೊಂದು ಕಡೆ 9. ವಿಜಯಪುರ, ಇಂಡಿ, ಚಡಚಣಗಳಲ್ಲಿ ಇಂಥ ಒಡೆಯುವ ಸ್ವರಚಿಹ್ನೆ ಒಂದೂ ಇಲ್ಲ, ಅವು ಪಾರಾದವು. ನುಡಿಯಂಥ ಹಳೇ ಫಾಂಟುಗಳಲ್ಲಿ ದೀರ್ಘಕ್ಕೆ ಬೇರೆಯದೇ ಗುರುತು. ಪರಿವರ್ತಕ ಅದನ್ನು ಇದ್ದಹಾಗೇ ತಂದು ಇಟ್ಟರೆ ಇದಾಗುತ್ತದೆ. (‘ಕಾರ್ಯಕ್ರಮ’ದ ಬದಲು ‘ಕಾಯರ್ಕ್ರಮ’ ಅಂತ ಓದಿ ನೀವು ನಕ್ಕಿರುತ್ತೀರಲ್ಲ, ಅರ್ಕಾವೊತ್ತನ್ನು ಅದರ ಜಾಗಕ್ಕೆ ಸರಿಸದೆ ಬಿಟ್ಟರೆ ಅದು. ಅದಾದರೂ ಕಣ್ಣಿಗೆ ಕಾಣುತ್ತದೆ.) ಎರಡೂ ರೂಪ ಒಂದೇ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ, ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕು ಅಷ್ಟೆ. ಪೈಥಾನಿನಲ್ಲಿ ಅದಕ್ಕೆ ನಾರ್ಮಲೈಸ್ ಅಂತ ಒಂದು ಫಂಕ್ಷನ್ ಇದೆ. ಒಂದು ಸಾಲಿನ ಕೆಲಸ.

ಈಗ ಪ್ರಶ್ನೆ. ‘ಪಾಸ್ ಅನ್ನು’ ಅಂದವನು ತಪ್ಪು ಮಾಡಿದನಾ?

ಅವನ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಅವನನ್ನು ಕೇಳಿದ್ದು "ಸ್ಕ್ರಿಪ್ಟ್ ನಿಲ್ಲಾಕತ್ತೈತಿ" ಅಂತ. ನಿಲ್ಲದ ಹಾಗೆ ಮಾಡಿಕೊಟ್ಟ. ದುಡ್ಡು ತಗೊಂಡಿಲ್ಲ, ತನ್ನ ಆಫೀಸಿನ ಕೆಲಸ ಮುಗಿಸಿ ಮಲಗುವ ಹೊತ್ತಿನಲ್ಲಿ ಉತ್ತರ ಬರೆದಿದ್ದಾನೆ. ಪುಕ್ಕಟೆ ಸಹಾಯಕ್ಕೂ ಗ್ಯಾರಂಟಿ ಕೇಳಲು ಹೋದರೆ ನಾಳೆಯಿಂದ ಯಾರೂ ಬಾಯಿ ಬಿಡೋದಿಲ್ಲ. ಗಾಂಧಿ ಚೌಕದಲ್ಲಿ ದಾರಿ ಕೇಳಿದವರಿಗೆ ಕೈ ತೋರಿಸಿದಷ್ಟೇ ಇದು, ಅವರು ಮುಂದೆ ಎಲ್ಲಿ ತಿರುಗಿದರು ಅನ್ನೋದಕ್ಕೆ ನಾವು ಜವಾಬ್ದಾರರಾ?

ಇಷ್ಟೆಲ್ಲ ಒಪ್ಪಿದ ಮೇಲೂ ನನಗೆ ಈ ಹೋಲಿಕೆ ಸರಿ ಬರೋದಿಲ್ಲ. ದಾರಿ ತಪ್ಪಿದರೆ ಸುತ್ತುವವನು ಕೇಳಿದವನೇ. ಇಲ್ಲಿ ಸುತ್ತುವವನು ಬೇರೆ. ಟಿಕೆಟ್ ಬುಕಿಂಗ್ ಇರಲಿ, ಸಂಬಳದ ಶೀಟ್ ಇರಲಿ, ರೇಷನ್ ಪಟ್ಟಿ ಇರಲಿ, ನಾವು ತಿದ್ದುವ ಸ್ಕ್ರಿಪ್ಟಿನ ಪ್ರತಿ ಸಾಲಿನಲ್ಲೂ ಒಬ್ಬ ಮನುಷ್ಯ ಇರುತ್ತಾನೆ. ಆ ರಾತ್ರಿ ತಿಕೋಟಾದ ಬೆಳೆಗಾರರ ಪರವಾಗಿ ಮಾತಾಡುತ್ತಿದ್ದದ್ದು ಆ ಕೀ ಎರರ್ ಒಂದೇ. ನಾವು ಅದನ್ನು ತೊಂದರೆ ಅಂದುಕೊಂಡು ಬಾಯಿ ಮುಚ್ಚಿಸಿದೆವು.

ಪೈಥಾನ್ ಬಲ್ಲವರಿಗೆ ಟಿಮ್ ಪೀಟರ್ಸ್ ಬರೆದ ‘ಝೆನ್ ಆಫ್ ಪೈಥಾನ್’ ಗೊತ್ತಿರುತ್ತದೆ; ‘ಇಂಪೋರ್ಟ್ ದಿಸ್’ ಅಂತ ಹೊಡೆದರೆ ಪರದೆ ಮೇಲೆ ಬರುತ್ತದೆ. ಎರರ್‌ಗಳು ಸದ್ದಿಲ್ಲದೆ ಜಾರಿಹೋಗಬಾರದು ಅನ್ನುತ್ತದೆ ಅದು, ಮರುಸಾಲಿನಲ್ಲೇ ಬೇಕೆಂದೇ ಸುಮ್ಮನಾಗಿಸಿದ್ದರೆ ಪರವಾಗಿಲ್ಲ ಅಂತ ರಿಯಾಯಿತಿಯನ್ನೂ ಕೊಡುತ್ತದೆ. ಆ ರಿಯಾಯಿತಿಯಲ್ಲೇ ಸಿಕ್ಕು ಇರೋದು. ಬೇಕೆಂದೇ ಅಂದರೆ ಯಾರಿಗೆ ಬೇಕೆಂದು? ಸುಮ್ಮನಾಗಿಸಿದವನಿಗೆ ತಾನು ಯಾರನ್ನು ಸುಮ್ಮನಾಗಿಸುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದವನಿಗೆ ಎಕ್ಸೆಪ್ಟ್ ಅಂದರೆ ಏನಂತ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತಿಕೋಟಾ ಇಲ್ಲದ ದ್ರಾಕ್ಷಿ ಪಟ್ಟಿ ಇರಲಾರದು ಅನ್ನೋದು. ಆವತ್ತಿನ ಡೀಬಗ್ಗಿಂಗ್ ಪೂರ್ತಿ ನಡೆದದ್ದು ಆ ಒಂದು ಸಾಮಾನ್ಯ ತಿಳಿವಳಿಕೆಯ ಮೇಲೆ.

ಹಾಗಂತ ಇದರ ಇನ್ನೊಂದು ತುದಿಗೆ ಹೋಗುವವರೂ ನನಗೆ ಹಿಡಿಸೋದಿಲ್ಲ. ಎಲ್ಲ ಕಂಪನಿಯಲ್ಲೂ ಒಬ್ಬರಾದರೂ ಇರುತ್ತಾರೆ. ಸಣ್ಣ ಡೌಟ್ ಕೇಳಿದರೆ ಇಂಟರ್‌ವ್ಯೂ ಶುರು: ಯಾಕೆ ಹೀಗೆ ಬರೆದೆ, ಡಾಕ್ಯುಮೆಂಟೇಶನ್ ಓದಿದೆಯಾ, ಮೊದಲು ಪ್ರಶ್ನೆ ಕೇಳೋದು ಕಲಿ. ನಾಳೆ ಹತ್ತಕ್ಕೆ ಪಟ್ಟಿ ಕೊಡಬೇಕಾದ ಹುಡುಗನಿಗೆ ಉಪನಿಷತ್ತು ಹೇಳಿದರೆ ಅವನು ಮುಂದಿನ ಸಲ ಕೇಳೋದೇ ಇಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳುವ ಅಗತ್ಯವೂ ಇಲ್ಲ. ಅದು ಬೇಜಾರಾಗೋದಿಲ್ಲ, ಅವಮಾನ ಮಾಡೋದಿಲ್ಲ. ಅಲ್ಲಿಗೆ ಹೋಗುವವರನ್ನು ನಾನು ದೂರೋದಿಲ್ಲ. ಎರಡು ತಿಕೋಟಾಗಳ ವ್ಯತ್ಯಾಸವನ್ನು ಸರಿಯಾಗಿ ಕೇಳಿದರೆ ಅದೂ ಹೇಳೀತು. ಆದರೆ ‘ನಿಲ್ಲದ ಹಾಗೆ ಮಾಡು’ ಅಂದರೆ ನಿಲ್ಲದ ಹಾಗೆ ಮಾಡಿಕೊಡುವುದರಲ್ಲಿ ಅದೂ ನಮ್ಮಷ್ಟೇ ಚುರುಕು.

ನನ್ನ ಮಟ್ಟಿಗೆ ನಾನು ಹಿಡಿದಿರುವ ದಾರಿ ಇಷ್ಟೇ: ಕೇಳಿದ ಸಾಲನ್ನು ಮೊದಲು ಕೊಟ್ಟುಬಿಡುವುದು, ಜೊತೆಗೇ ಕೇಳುವುದು, "ಒಳಗ ಎಷ್ಟು ಸಾಲು ಹೋದವು, ಹೊರಗ ಎಷ್ಟು ಬಂದವು?" ಪಾಸ್ ಅನ್ನುವ ಜಾಗದಲ್ಲಿ ಬಿಟ್ಟುಹೋದ ಹೆಸರನ್ನು ಪ್ರಿಂಟ್ ಮಾಡಿಸುವುದು. ಸ್ಕ್ರಿಪ್ಟ್ ನಿಲ್ಲೋದೂ ಇಲ್ಲ, ಯಾರೂ ಸದ್ದಿಲ್ಲದೆ ಹೋಗೋದೂ ಇಲ್ಲ.

ಆ ರಾತ್ರಿ ಇನ್ನೊಂದು ಆಯಿತು, ಅದನ್ನು ಯಾರೂ ಎತ್ತಲಿಲ್ಲ. ಹುಡುಗ ಕಳಿಸಿದ ಮೊದಲ ಫೋಟೋದಲ್ಲಿ ಎರರ್ ಜೊತೆಗೆ ಹತ್ತಾರು ರೈತರ ಹೆಸರು, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಕಾಣುತ್ತಿತ್ತು. ಮೂರನೆಯವನು ಇಲ್ಲೂ ಲೆಕ್ಕಕ್ಕಿರಲಿಲ್ಲ. ಸಹಾಯ ಕೇಳುವಾಗ ನಿಜವಾದ ಡೇಟಾ ಕೊಡಬೇಡ, ಎರಡು ಸಾಲು ಸುಳ್ಳು ಡೇಟಾ ಮಾಡಿ ಕೊಡು ಅಂತ ನಾವೆಲ್ಲ ಹೊಸಬರಿಗೆ ಹೇಳ್ತೀವಿ, ಸರಿಯಾದ ಮಾತೇ. ಆದರೆ ಆ ಹುಡುಗ ‘ತಿಕೋಟಾ’ ಅಂತ ಹೊಸದಾಗಿ ಟೈಪ್ ಮಾಡಿ ಸುಳ್ಳು ಸಾಲು ಮಾಡಿದ್ದರೆ ಎರಡೂ ಕಡೆ ಒಂದೇ ತಿಕೋಟಾ ಬಂದು ಎರರ್ ಕಾಣೆಯಾಗುತ್ತಿತ್ತು. "ನಮ್ಮಲ್ಲಿ ನಡೀತೈತಲ್ಲೋ" ಅನ್ನುತ್ತಿದ್ದೆವು. ರೈತನ ಹೆಸರು ಬದಲಿಸಬೇಕು, ಖಾತೆ ನಂಬರ್ ಅಳಿಸಬೇಕು, ಊರಿನ ಹೆಸರನ್ನು ಮಾತ್ರ ಹಳೇ ಫೈಲಿನಿಂದಲೇ ಕಾಪಿ ಮಾಡಬೇಕು. ಯಾವುದನ್ನು ಮರೆಮಾಡಬೇಕು, ಯಾವುದನ್ನು ಮುಟ್ಟಬಾರದು ಅನ್ನೋದನ್ನು ತಿಳಿಯಬೇಕಾದರೆ ತೊಂದರೆ ಎಲ್ಲಿದೆ ಅಂತ ಅರ್ಧ ಗೊತ್ತಿರಬೇಕು, ಗೊತ್ತಿದ್ದರೆ ಕೇಳೋದೇ ಯಾಕೆ. ಇದಕ್ಕೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಫೋಟೋವನ್ನು ಡಿಲೀಟ್ ಮಾಡಲು ಹೇಳಿದ್ದು ಮರುದಿನ ಮಧ್ಯಾಹ್ನ, ಅಷ್ಟು ಹೊತ್ತಿಗೆ ಅದು ಎಷ್ಟು ಫೋನುಗಳಲ್ಲಿ ಇಳಿದಿತ್ತೋ.

ಪಟ್ಟಿ ಹತ್ತಕ್ಕೆ ಹೋಯಿತು, ತಿಕೋಟಾ, ಬಬಲೇಶ್ವರ ಸೇರಿಯೇ. ಆಮೇಲೆ ಬಬಲೇಶ್ವರದವನೇ ಮತ್ತೆ ಕೇಳಿದ: "ಹೋದ ವರ್ಷಾನೂ ಒಂದು ಲಿಸ್ಟ್ ಕೊಟ್ಟಿದ್ರಲ್ಲ, ಆವಾಗ ಈ ಎರರ್ ಬಂದಿತ್ತೇನು?"

"ಇಲ್ರಿ ಅಣ್ಣಾರ," ಅಂದ ಹುಡುಗ. "ಅದು ನಾ ಬರೆದಿದ್ದಲ್ರಿ. ಆ ಸ್ಕ್ರಿಪ್ಟಿನಾಗ ಮೊದಲ ಎಕ್ಸೆಪ್ಟ್ ಇತ್ರಿ."

ಹಳೇ ಫೈಲನ್ನು ಅವನು ಈಗ ಹುಡುಕುತ್ತಿದ್ದಾನೆ.